ಇನ್ನೂ ಸ್ವಲ್ಪ ಒರಟಿದೆ

ಕಾರ್ಖಾನೆಯಲ್ಲಿ ನನ್ನ ಗಂಡನಿಗೆ ಕನ್ನಡಿ ಎಂದೇ ಹೆಸರು. ಉಕ್ಕಿನ ತಟ್ಟೆಯಾಗಲಿ, ಬಾಗಿಲ ಹಿಡಿಯಾಗಲಿ, ಇವರ ಕೈಗೆ ಕೊಟ್ಟರೆ ಸಂಜೆಯೊಳಗೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಇಪ್ಪತ್ತೆಂಟು ವರ್ಷ ಪಾಲಿಶ್ ಚಕ್ರದ ಮುಂದೆ ನಿಂತ ಮನುಷ್ಯ. ಮನೆಗೆ ಬಂದರೂ ಸುಮ್ಮನಿರುವ ಜಾಯಮಾನವಲ್ಲ. ಊಟಕ್ಕೆ ಕೂತರೆ ಚಮಚದ ಬೆನ್ನು ಸವರುವುದು, ನೆಂಟರ ಮನೆಗೆ ಹೋದರೆ ಅವರ ಕಿಟಕಿಯ ಸರಳು ಸವರಿ ನನ್ನ ಕಡೆ ಒಂದು ನೋಟ ಬೀರುವುದು. ಮದುವೆಯಾದ ಹೊಸದರಲ್ಲಿ ನನ್ನ ಮೊಣಕೈ ಸವರಿ ಇದ್ಯಾಕೆ ಹೀಗೆ ಎಂದು ಕೇಳಿದ್ದರು. ಎರಡು ದಿನ ಮಾತು ಬಿಟ್ಟಿದ್ದೆ.

ಆ ಚಕ್ರವೇ ಇವರ ಬೆರಳುಗಳನ್ನು ತಿಂದಿತು. ಮೊದಮೊದಲು ಬೆಳಗಿನ ಚಳಿಗೆ ತುದಿಗಳು ಬಿಳಿಚಿಕೊಳ್ಳುತ್ತಿದ್ದವು. ಟೀ ಲೋಟ ಹಿಡಿದು ಕೂತರೆ ಸರಿಹೋಗುತ್ತಿತ್ತು. ಆಮೇಲೆ ಅಂಗಿಯ ಗುಂಡಿ ಜಾರತೊಡಗಿತು, ಬೀಗದ ಕೈ ಬೀಳತೊಡಗಿತು. ವರ್ಷಗಟ್ಟಲೆ ಅದುರುವ ಯಂತ್ರ ಹಿಡಿದವರಿಗೆ ಹೀಗಾಗುತ್ತದೆ, ಹೋದ ಸ್ಪರ್ಶ ಮತ್ತೆ ಬರುವುದಿಲ್ಲ, ಹಿಡಿತ ಇನ್ನೊಂದು ವರ್ಷ ಉಳಿದರೆ ದೊಡ್ಡದು ಎಂದರು ಡಾಕ್ಟರು. ಅದುರುವ ಯಾವುದನ್ನೂ ಮುಟ್ಟಬಾರದು ಎಂದು ಕಾಗದದ ಮೇಲೆ ಬರೆದು ಕೊಟ್ಟರು. ಕಾರ್ಖಾನೆಯವರು ಇವರನ್ನು ಪೆಟ್ಟಿಗೆಗೆ ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದರು.

ಆಗ ಇವರು ಮಾಡಿದ್ದೇನು? ಮೋಟಾರ್ ಸೈಕಲ್ ಕಟ್ಟಲು ಕೂತರು.

ಹರೆಯದಿಂದಲೂ ಆಸೆಯಿತ್ತಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ಕ್ಲಚ್ ಹಿಡಿಯಲು ಎಡಗೈ ಬೇಕು, ಆ ಕೈ ಇನ್ನೊಂದು ವರ್ಷ ನನ್ನದು, ಅಷ್ಟರೊಳಗೆ ನಾನೇ ಕಟ್ಟಿದ ಗಾಡಿಯನ್ನು ನಾನೇ ಓಡಿಸಬೇಕು ಎಂದರು. ಮನೆಯಿಂದ ಹೊರಟು, ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಗೇಟಿನ ಮುಂದೆ ಹಾದು, ಊರಾಚೆಯ ಸೇತುವೆ ದಾಟಿ ವಾಪಸ್ಸು. ಹಿಂದೆ ನನ್ನನ್ನು ಕೂರಿಸಿಕೊಂಡು ಹೋಗಬೇಕು. ಒಂದೇ ಒಂದು ಸಲ ಸಾಕು ಎಂದರು. ನನಗೆ ಸಿಟ್ಟು ಬಂತು, ಡಾಕ್ಟರರ ಕಾಗದ ತೆಗೆದು ಮುಖದ ಮುಂದೆ ಹಿಡಿದೆ. ಅವರು ಅದನ್ನು ಮಡಚಿ ಅಂಗಿಯ ಜೇಬಿಗಿಡಲು ಹೋದರು. ಜೇಬಿನ ಬಾಯಿ ಬೆರಳಿಗೆ ಸಿಗಲಿಲ್ಲ, ಮೂರು ಸಲ ತಡಕಾಡಿದರು. ನಾನೇ ಇಟ್ಟುಕೊಟ್ಟೆ.

ಮುಂದಿನ ಕೋಣೆ ಗುಜರಿ ಅಂಗಡಿಯಾಯಿತು. ಕಿಟಕಿಯ ಹತ್ತಿರ ನನ್ನ ಹೊಲಿಗೆ ಯಂತ್ರ, ಉಳಿದ ಜಾಗವೆಲ್ಲ ಇವರದು. ಸೌದೆಯಂತೆ ಬಿದ್ದಿದ್ದ ಗಾಡಿಗಳ ರಾಶಿಯಿಂದ ಗುಜರಿಯವನು ಒಂದೊಂದೇ ತುಂಡು ಹೆಕ್ಕಿ ತಂದುಕೊಟ್ಟ. ಚೌಕಟ್ಟು ಒಂದು ಗಾಡಿಯದು, ಅದರ ಹಳೆಯ ಕಾಗದವೂ ಜೊತೆಗಿತ್ತು. ಇಂಜಿನ್ ಇನ್ನೊಂದರದು, ಚಕ್ರಗಳು ಮತ್ತೊಂದರದು. ಪೆಟ್ರೋಲ್ ಟ್ಯಾಂಕು ಯಾರದೋ ಕೋಳಿಗೂಡಿನ ಮೇಲೆ ಮಳೆ ತಡೆಯಲು ಮಲಗಿತ್ತಂತೆ. ಹಿಡಿಯನ್ನು ಕೆಳಕ್ಕೆ ಬಾಗಿಸಿ, ಸೀಟನ್ನು ಗಿಡ್ಡ ಮಾಡಿ, ಬೇಡದ ತಗಡನ್ನೆಲ್ಲ ಕಿತ್ತು, ಮೈ ತೆಳ್ಳಗಿರುವ ಬೀದಿಯ ಗಾಡಿ ಮಾಡುತ್ತೇನೆಂದು ಗೋಡೆಯ ಮೇಲೆ ಸೀಸದ ಕಡ್ಡಿಯಲ್ಲಿ ಚಿತ್ರ ಬರೆದರು. ಹಳೆಯ ಬಸ್ಸಿನ ಸೀಟಿನ ರೆಕ್ಸಿನ್ ಬಿಚ್ಚಿ ನಾನು ಸೀಟು ಹೊಲಿದೆ. ಗಿರಾಕಿಗಳ ಬಟ್ಟೆಯಲ್ಲೆಲ್ಲ ಗ್ರೀಸಿನ ವಾಸನೆ. ಮಹಡಿಯ ಮೇಲಿರುವ ನಾದಿನಿ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು, ಇದು ಓಡುವ ಹೊತ್ತಿಗೆ ತಾನು ಮುದುಕಿಯಾಗಿರುತ್ತೇನೆ ಎಂದು ಕಿಚಾಯಿಸಿ ಹೋಗುತ್ತಿದ್ದಳು. ಈಗೇನು ಹುಡುಗಿಯೇ ಎಂದು ಇವರು ಕೇಳುತ್ತಿದ್ದರು.

ಇಂಜಿನ್ನು, ವೈರು ಎಲ್ಲವನ್ನೂ ಗುಜರಿಯವನ ಸಹಾಯದಿಂದ ಹೇಗೋ ಮಾಡಿದರು. ತೊಂದರೆಯಾದದ್ದು ಇವರಿಗೆ ಚೆನ್ನಾಗಿ ಗೊತ್ತಿದ್ದ ಕೆಲಸದಲ್ಲೇ. ಚೌಕಟ್ಟಿನ ತುಂಬ ತುಕ್ಕು, ಹಳೆಯ ಬಣ್ಣ, ಗುಳಿ ಮುಚ್ಚಲು ಯಾರೋ ಮೆತ್ತಿದ್ದ ಪುಟ್ಟಿ. ಉಜ್ಜಿ ನುಣುಪು ಮಾಡಬೇಕು. ಯಂತ್ರ ಹಿಡಿಯುವಂತಿಲ್ಲ, ಅರದಲ್ಲಿ, ಉಪ್ಪುಕಾಗದದಲ್ಲಿ ಕೈಯಾರೆ ಉಜ್ಜಿದರು. ಎಲ್ಲಿ ಒರಟಿದೆ ಎಂದು ಹೇಳಬೇಕಾದ ಬೆರಳು ಮಾತ್ರ ಏನೂ ಹೇಳುತ್ತಿರಲಿಲ್ಲ. ಇವರು ಕೆನ್ನೆ ಒತ್ತಿ ನೋಡಿದರು, ತುಟಿ ಒತ್ತಿ ನೋಡಿದರು. ಕೊನೆಗೆ ಒಂದು ಭಾನುವಾರ ನನ್ನ ಪಕ್ಕ ಬಂದು ನಿಂತರು.

"ನಿನ್ನ ಬೆರಳು ಕೊಡ್ತೀಯಾ?" ಎಂದರು. "ಹೊಲಿಯೋರ ಬೆರಳಿಗೆ ಸುಳ್ಳು ಹೇಳೋಕೆ ಬರಲ್ಲ."

ನನಗೆ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ, ತುಂಬ ಹೆಮ್ಮೆಯಾಯಿತು. ಇಷ್ಟು ವರ್ಷದಲ್ಲಿ ಇವರ ಕೆಲಸಕ್ಕೆ ನಾನು ಬೇಕಾದದ್ದು ಅದೇ ಮೊದಲು. ಸಂಜೆ ಯಂತ್ರ ಮುಚ್ಚಿ ಎದ್ದು, ಕಣ್ಣು ಮುಚ್ಚಿಕೊಂಡು ಕೊಳವೆಗಳ ಮೇಲೆ ತೋರುಬೆರಳು ಎಳೆಯುತ್ತಿದ್ದೆ. ಇಲ್ಲಿ ಒರಟು ಎಂದರೆ ಇವರು ಅಲ್ಲಿ ಉಜ್ಜುತ್ತಿದ್ದರು. ಇಲ್ಲಿ ಸರಿಯಾಯಿತು ಎಂದರೆ ಮುಂದಕ್ಕೆ. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಮಾತಾಡಿದ್ದು ಆ ಎರಡು ತಿಂಗಳಲ್ಲೇ ಇರಬೇಕು. ಮಾತೆಲ್ಲ ಕಬ್ಬಿಣದ ಬಗ್ಗೆಯೇ, ಆದರೂ ಮಾತು ಮಾತೇ.

ಕೊನೆಗೆ ಉಳಿದದ್ದು ಕತ್ತು. ಹಿಡಿ ಕೂರುವ ದಪ್ಪ ಕೊಳವೆಗೆ ಇವರು ಕತ್ತು ಎನ್ನುತ್ತಿದ್ದರು. ಚೌಕಟ್ಟನ್ನು ತಲೆಕೆಳಗಾಗಿ ಎರಡು ಸ್ಟೂಲುಗಳ ಮೇಲೆ ಮಲಗಿಸಿದ್ದರು. ಕತ್ತಿನ ಪಕ್ಕದಲ್ಲಿ, ಪುಟ್ಟಿ ಉದುರಿದ ಕಡೆ, ನನ್ನ ಬೆರಳಿಗೆ ಏನೋ ಮರಳು ಮರಳಾಗಿ ಸಿಕ್ಕಿತು.

"ಇಲ್ಲಿದೆ. ಯಾರೋ ಹೊಲಿಗೆ ಹಾಕಿದ ಹಾಗೆ ಸಾಲಾಗಿದೆ," ಎಂದು ನಕ್ಕೆ.

ಕನ್ನಡಕ ಏರಿಸಿ ಬಗ್ಗಿ ನೋಡಿದರು. ಪುಟ್ಟಿ ತುಂಬಿದ ಸಣ್ಣ ಸಣ್ಣ ಗುಳಿಗಳು, ಮೇಲೆ ತುಕ್ಕು. ತುಕ್ಕು ತಿಂದ ಜಾಗ ಎಂದು ಅರ ತೆಗೆದುಕೊಂಡರು. ಉಜ್ಜಿ ಕೇಳಿದರು, ನಾನು ಸವರಿ ಇನ್ನೂ ಸ್ವಲ್ಪ ಒರಟಿದೆ ಎಂದೆ. ಮತ್ತೆ ಉಜ್ಜಿದರು, ಮತ್ತೆ ಕೇಳಿದರು, ಇನ್ನೂ ಸ್ವಲ್ಪ ಇದೆ ಎಂದೆ. ಅರ ಎರಡು ಸಲ ಕೈಜಾರಿ ಬಿತ್ತು, ಎತ್ತಿಕೊಟ್ಟೆ. ನಾಲ್ಕನೆಯ ಸಲಕ್ಕೆ ಬೆರಳು ನೀರಿನ ಮೇಲೆ ಹೋದಂತೆ ಹೋಯಿತು. ಆಯಿತು ಎಂದೆ. ಇವರು ನನ್ನ ಹಣೆ ಸವರಿದರು, ಕಪ್ಪು ಮಸಿ ಮೆತ್ತಿಕೊಂಡಿತು. ನಾದಿನಿ ನೋಡಿ ಬಿದ್ದುಬಿದ್ದು ನಕ್ಕಳು.

ಹತ್ತನೆಯ ತಿಂಗಳಿಗೆ ಗಾಡಿ ಎದ್ದು ನಿಂತಿತು. ನಾನು ಹೊಗಳುವುದು ಕಡಿಮೆ, ಆದರೆ ಅದು ಚೆಲುವಾಗಿತ್ತು. ಬಣ್ಣ ಬಳಿಯಲು ಇವರು ಒಪ್ಪಲಿಲ್ಲ, ಬರೀ ಉಕ್ಕು ಹೊಳೆಯುತ್ತಿತ್ತು. ಕೋಣೆಯಲ್ಲೇ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಾಲೂ ಮಾಡಿದರು, ಕ್ಲಚ್ ಹಿಡಿದು ಬಿಟ್ಟರು, ಹಿಂದಿನ ಚಕ್ರ ತಿರುಗಿತು. ನಾಲ್ಕು ಬೆರಳನ್ನೂ ಬಳಸಿ ಹಿಡಿದರು, ಹಲ್ಲು ಕಚ್ಚಿ ಹಿಡಿದರು, ಆದರೂ ಹಿಡಿದರು. ಇನ್ನು ನಂಬರ್ ಪ್ಲೇಟು ಬರಬೇಕು, ಅದಕ್ಕೆ ಸರ್ಕಾರದ ತಪಾಸಣೆ ಆಗಬೇಕು. ಕಾಗದ ಸರಿಯಾಗಿದೆ, ಚೌಕಟ್ಟಿನ ಸಂಖ್ಯೆ ಇರುವ ಪುಟ್ಟ ತಗಡನ್ನು ಬಿಚ್ಚಿ ಬೆಂಕಿಪೆಟ್ಟಿಗೆಯಲ್ಲಿ ಜೋಪಾನ ಮಾಡಿ ಮತ್ತೆ ಅದೇ ಜಾಗಕ್ಕೆ ಕೂರಿಸಿದ್ದೇನೆ, ಭಯವಿಲ್ಲ ಎಂದರು. ಸಾಮಾನಿನ ಗಾಡಿಯಲ್ಲಿ ಹೇರಿಕೊಂಡು ಹೋದೆವು. ಬರುವಾಗ ಓಡಿಸಿಕೊಂಡೇ ಬರಬಹುದೆಂದು ಇವರು ಹೊಸ ಕೈಗವಸು ತೊಟ್ಟಿದ್ದರು, ನನಗೆ ತಲೆಗೆ ಸ್ಕಾರ್ಫ್ ಕಟ್ಟಿಕೋ ಎಂದಿದ್ದರು.

ತಪಾಸಣೆಯ ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಗಾಡಿಯ ಸುತ್ತ ಎರಡು ಸುತ್ತು ಬಂದು, ಯಾರು ಮಾಡಿದ್ದು ಎಂದು ಕೇಳಿ, ಇವರ ಕಡೆ ನೋಡಿ ತಲೆದೂಗಿದಳು. ಬ್ರೇಕು ನೋಡಿದಳು, ದೀಪ ನೋಡಿದಳು. ತಗಡಿನ ಸಂಖ್ಯೆಯನ್ನು ಕಾಗದದ ಜೊತೆ ಹೋಲಿಸಿದಳು. ಆಮೇಲೆ ಟಾರ್ಚು ತೆಗೆದು ಕತ್ತಿನ ಪಕ್ಕಕ್ಕೆ ಬಗ್ಗಿದಳು, ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.

ತಗಡನ್ನು ಯಾರು ಬೇಕಾದರೂ ಕಿತ್ತು ಯಾವ ಗಾಡಿಗೆ ಬೇಕಾದರೂ ಹೊಡೆಯಬಹುದು, ಅದು ಲೆಕ್ಕಕ್ಕಿಲ್ಲ ಎಂದು ನಿಧಾನವಾಗಿ ವಿವರಿಸಿದಳು. ಈ ಮಾದರಿಯ ಗಾಡಿಗೆ ಅದೇ ಸಂಖ್ಯೆಯನ್ನು ಕತ್ತಿನ ಉಕ್ಕಿನಲ್ಲೂ ಅಚ್ಚೊತ್ತಿರುತ್ತಾರೆ, ಹನ್ನೊಂದು ಅಕ್ಷರ, ಒಂದೇ ಸಾಲು.

ಆ ಸಾಲನ್ನು ಸವರಿದ್ದ ತೋರುಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಇವರ ಮುಖ ನೋಡಲು ಧೈರ್ಯವಾಗಲಿಲ್ಲ.

ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬಾಯಿಗೆ ಬಂದಂತೆ ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ. ಉಕ್ಕಿಗೆ ಅಚ್ಚು ಹೊಡೆದಾಗ ಅದರ ಗುರುತು ಒಳಗೂ ಇಳಿದಿರುತ್ತದೆ, ಮೇಲೆ ಉಜ್ಜಿದರೂ ಆಸಿಡ್ ಹಚ್ಚಿದರೆ ಅಕ್ಷರಗಳು ಮಸುಕಾಗಿ ಮೇಲೇಳುತ್ತವೆ, ಕಣ್ಣಿಗೆ ಕಂಡರೆ ಸಾಕು, ನಾನು ಬರೆದುಕೊಡುತ್ತೇನೆ ಎಂದಳು. ಹತ್ತಿಯಲ್ಲಿ ಅದ್ದಿ ಹಚ್ಚಿದಳು. ಮೂವರೂ ಬಗ್ಗಿ ನಿಂತೆವು. ಉಕ್ಕು ಬೂದಿ ಬಣ್ಣಕ್ಕೆ ತಿರುಗಿತು. ಇವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಅವಳು ಇನ್ನೊಮ್ಮೆ ಹಚ್ಚಿದಳು, ಕಾದಳು, ಮತ್ತೊಮ್ಮೆ ಹಚ್ಚಿದಳು. ನಾನು ಕಣ್ಣಲ್ಲಿ ಕಣ್ಣಿಟ್ಟು ಒಂದೇ ಒಂದು ಗೆರೆಗಾಗಿ ಬೇಡಿಕೊಂಡೆ. ಏನೂ ಏಳಲಿಲ್ಲ.

ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು.

"ಕಳ್ಳರು ಉಜ್ಜಿದ್ರೆ ಸಿಗ್ತಾ ಇತ್ತು," ಎಂದಳು. "ಅವರು ಅವಸರದಲ್ಲಿ ಮೇಲೆ ಮೇಲೆ ಉಜ್ಜಿರ್ತಾರೆ. ಇದು ಕೆಲಸ ಗೊತ್ತಿರೋರು ಉಜ್ಜಿದ್ದು."

ನಾನು ಬಾಯಿ ತೆರೆದೆ. ಇವರ ಕೈಗೆ ಏನೂ ತಿಳಿಯುತ್ತಿರಲಿಲ್ಲ, ಎಲ್ಲಿ ಉಜ್ಜಬೇಕೆಂದು ತೋರಿಸಿದ್ದು ನಾನು, ಎಷ್ಟು ಉಜ್ಜಬೇಕೆಂದು ಹೇಳಿದ್ದೂ ನಾನು ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಇವರು ನನ್ನ ಮುಂದೆ ಬಂದು ನಿಂತರು. ತಪ್ಪು ನನ್ನದು, ನಾನೊಬ್ಬನೇ ಕೂತು ಉಜ್ಜಿದ್ದು, ಇವಳಿಗೆ ಇದರ ಗಂಧಗಾಳಿಯಿಲ್ಲ ಎಂದರು. ಅಧಿಕಾರಿ ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

ಗುರುತಿಲ್ಲದ ಚೌಕಟ್ಟನ್ನು ಹೊರಗೆ ಬಿಡುವಂತಿಲ್ಲ, ಅಲ್ಲೇ ಕತ್ತರಿಸಬೇಕು. ಉಳಿದದ್ದನ್ನು ಬಿಚ್ಚಿಕೊಂಡು ಹೋಗಬಹುದು. ಅಂಗಳದಲ್ಲೇ ಕೂತು ಬಿಚ್ಚಿದೆವು, ಇವರು ಯಾವ ನಟ್ಟು ಎಂದು ಹೇಳಿದರು, ನಾನು ಸ್ಪ್ಯಾನರ್ ತಿರುಗಿಸಿದೆ. ಹತ್ತು ತಿಂಗಳಲ್ಲಿ ಕಟ್ಟಿದ್ದು ಮೂರು ತಾಸಿನಲ್ಲಿ ಚಾಪೆಯ ಮೇಲೆ ಮಲಗಿತು. ಗ್ಯಾಸ್ ಕಟ್ಟರಿನವನು ಚೌಕಟ್ಟನ್ನು ಎತ್ತಿಕೊಂಡವನೇ, ಇಷ್ಟು ನುಣುಪು ಎಲ್ಲಿ ಮಾಡಿಸಿದಿರಿ ಎಂದು ಇವರನ್ನೇ ಕೇಳಿದ. ಆಮೇಲೆ ಕತ್ತನ್ನು ಎರಡು ತುಂಡು ಮಾಡಿದ. ದಾರಿಯುದ್ದಕ್ಕೂ ನಾನು ಅತ್ತೆ. ಇವರು ಅಳಲಿಲ್ಲ. ಹೋಗಲಿ ಬಿಡು, ಇನ್ನೊಂದು ಚೌಕಟ್ಟು ಸಿಕ್ಕೇ ಸಿಗುತ್ತದೆ, ಈ ಸಲ ಕೆಲಸ ಅರ್ಧದಷ್ಟೇ ಎಂದು ನನಗೇ ಸಮಾಧಾನ ಹೇಳಿದರು. ತೋರಿಸಿದ್ದು ನಾನಲ್ಲವೇ ಎಂದು ನಾನು ಶುರುಮಾಡಿದಾಗಲೆಲ್ಲ ಬೇರೆ ಏನನ್ನಾದರೂ ಹೇಳುತ್ತಿದ್ದರು.

ಅದೇ ಮಾದರಿಯ ಇನ್ನೊಂದು ಚೌಕಟ್ಟು ಗುಜರಿಯವನಿಗೆ ಸಿಗಲು ಮಳೆಗಾಲ ಮುಗಿಯಬೇಕಾಯಿತು. ಆ ಹೊತ್ತಿಗೆ ಇವರು ಅಂಗಿಗೆ ಗುಂಡಿಯ ಬದಲು ಅಂಟುಪಟ್ಟಿ ಹೊಲಿಸಿಕೊಂಡಿದ್ದರು. ಈ ಸಲ ಉಜ್ಜುವ ಮಾತೇ ಎತ್ತಲಿಲ್ಲ, ತುಕ್ಕಿನ ಮೇಲೆಯೇ ಬಣ್ಣ ಬಳಿಸಿದರು. ಉಬ್ಬುತಗ್ಗು ಎದ್ದು ಕಾಣುತ್ತಿತ್ತು. ನನ್ನ ಗಂಡ ಅದರ ಮೇಲೆ ಕೈ ಕೂಡ ಆಡಿಸಲಿಲ್ಲ, ನನಗೆ ಅದನ್ನೇ ನೋಡಲಾಗುತ್ತಿರಲಿಲ್ಲ. ಗುಜರಿಯವನೂ ನಾನೂ ಸೇರಿ ಇಂಜಿನ್ ಕೂರಿಸಿದೆವು, ಹಿಡಿ ಬಿಗಿದೆವು, ಕ್ಲಚ್ಚಿನ ಕೇಬಲ್ ಎಳೆದು ಸಿಕ್ಕಿಸಿದೆವು.

ಗುಜರಿಯವನು ಹೋದ ಮೇಲೆ ಇವರು ನಾನು ಹೊಲಿದಿದ್ದ ಸೀಟಿನ ಮೇಲೆ ಕೂತರು. ಎಡಗೈ ಎತ್ತಿ ಕ್ಲಚ್ಚಿನ ಮೇಲಿಟ್ಟರು. ಬೆರಳುಗಳು ಅದರ ಮೇಲೆ ಮಡಚಿಕೊಂಡವು, ಬಿಳಿಚಿಕೊಂಡವು, ಕತ್ತಿನ ನರ ಉಬ್ಬಿತು. ಕ್ಲಚ್ಚು ಕೂದಲೆಳೆಯಷ್ಟೂ ಅಲುಗಲಿಲ್ಲ. ಬಲಗೈಯನ್ನೂ ತಂದು ಎರಡೂ ಕೈಯಿಂದ ಹಿಡಿದರು. ನಾನು ಬಟ್ಟೆ ಮಡಚುವವಳಂತೆ ತಲೆ ಬಗ್ಗಿಸಿಕೊಂಡೆ.

"ಕೇಬಲ್ ಬಿಗಿಯಾಗಿದೆ," ಎಂದರು. "ನೋಡು ಬಾ."

ಹೋಗಿ ಎರಡು ಬೆರಳಿಟ್ಟು ಎಳೆದೆ. ಸಲೀಸಾಗಿ ಬಂತು. ಅರ್ಧಕ್ಕೇ ನಿಲ್ಲಿಸಿ, ಮೆಲ್ಲಗೆ ಬಿಟ್ಟೆ. ಇವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದು, ತುಂಬ ಬಿಗಿಯಾಗಿದೆ," ಎಂದೆ.

ಹಾಗಾದರೆ ಎಣ್ಣೆ ಬಿಡಬೇಕು ಎಂದು ಇಳಿದು ಹೋಗಿ ಡಬ್ಬಿ ತಂದರು. ನಾನು ಕೇಬಲ್ಲಿನ ತುದಿ ಎತ್ತಿ ಹಿಡಿದುಕೊಂಡೆ.