ಅಂಗಾತ ಈಜು

ದಡದ ಕೆಸರಿಗೆ ತಲೆ ತಾಗಿತು. ಗೆದ್ದೆ ಅಂದುಕೊಂಡು ಬೋರಯ್ಯ ಎದ್ದು ನಿಂತರೆ, ಎದುರಿಗೆ ಅವನದೇ ಅಂಗಿ! ಬಿಟ್ಟು ಹೊರಟ ದಡಕ್ಕೇ ವಾಪಸು ಬಂದಿದ್ದ. ಉಳಿದ ನಾಲ್ವರು ಆಚೆ ದಡ ಮುಟ್ಟಿ ಸುಧಾರಿಸಿಕೊಳ್ಳುತ್ತಿದ್ದರು. ತೆರಕಣಾಂಬಿ ಕೆರೆ ಏರಿಯ ಮೇಲಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬಾವಿ ಕಪ್ಪೆ ಕಣ್ಲಾ ಅದು! ಸುತ್ತು ಒಡ್ಯದು ಬುಟ್ರೆ ಇನ್ನೇನು ಗೊತ್ತು?" ಎಂದ ಸಾಹುಕಾರ ಮರಿಮಲ್ಲಪ್ಪ.

ಸುಳ್ಳೇನಲ್ಲ. ಊರವರ ಕೊಡ ಬಾವಿಗೆ ಬಿದ್ದರೆ ಮುಳುಗಿ ತೆಗೆದುಕೊಡುವವನು ಬೋರಯ್ಯನೇ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತದ್ದೂ ಬಾವಿಯಲ್ಲೇ. ಬಾವಿಯಲ್ಲಿ ಅಂಗಾತ ಮಲಗಿದವನು ಸುತ್ತು ಬರದೆ ಇನ್ನೆಲ್ಲಿಗೆ ಹೋಗಬೇಕು? ನಗುವವರಿಗೇನು, ನಕ್ಕರು.

ಐವತ್ತಾರನೇ ಇಸವಿಯ ಆ ಪಂದ್ಯದ ಕಟ್ಟಳೆಯೇ ಹಾಗಿತ್ತು. ನೇರ ಈಜು, ಅಂಗಾತ ಈಜು, ಮುಳುಗು ಈಜು, ಮೂರರಲ್ಲೂ ಮೊದಲಿಬ್ಬರೊಳಗೆ ಬಂದವನಿಗೆ ಮಾತ್ರ ಮೈಸೂರಿನ ಪಂದ್ಯಕ್ಕೆ ಚೀಟಿ. ಬೆಳಗ್ಗೆ ನೇರ ಈಜಿನಲ್ಲಿ ಬೋರಯ್ಯನೇ ಮೊದಲು. ಮೂರು ತಿಂಗಳಿಂದ ಮೈಸೂರು ಮೈಸೂರು ಅಂತ ಹೆಂಡತಿಯ ತಲೆ ತಿಂದಿದ್ದ.

ಡ್ರಿಲ್ ಮೇಷ್ಟ್ರು ಗುರುಪಾದಸ್ವಾಮಿ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಗೀಟು ಎಳೆದರು.

"ಮೈಸೂರಿನ ಆಸೆ ಬಿಡು, ಒಂದನ್ನೇ ಹಿಡಿ ಅಂತ ಬಡ್ಕೊಂಡೆ. ಮೂರಕ್ಕೂ ಕೈ ಹಾಕ್ದೆ. ಮೈಸೂರು ತಪ್ತಲ್ಲ, ಇನ್ನು ಮನೆಗೆ ಹೋಗು."

"ಮುಳುಗು ಈಜು ಬಾಕಿ ಅದೆ, ಮೇಷ್ಟ್ರೇ."

"ಗೆದ್ರೂ ಏನು ಬಂತಯ್ಯ?"

"ಎಸ್ರು ಕೊಟ್ಟಿವ್ನಿ. ಈಜ್ಬುಟ್ಟೇ ಓಗದು."

ಮುಳುಗಿದ. ಬೇರೆಯವರು ಅರ್ಧಕ್ಕೇ ಎದ್ದು ಬಾಯಿ ಬಾಯಿ ಬಿಟ್ಟರು. ಬೋರಯ್ಯನ ಸುಳಿವೇ ಇಲ್ಲ. ಜನರ ನಗು ನಿಂತಿತು. ಹೆಂಡತಿ ಚಿಕ್ಕಮಾದಮ್ಮ ಸೆರಗು ಕಚ್ಚಿಕೊಂಡು ನಿಂತಳು. ಕೊನೆಗೆ ಆಚೆ ದಡದ ಜೊಂಡಿನಲ್ಲಿ ಅವನ ತಲೆ ಎದ್ದಿತು.

ಈಚೆ ದಡಕ್ಕೆ ವಾಪಸು ಬಂದಾಗ ಬಹುಮಾನಕ್ಕೆ ಒಂದು ಹಿತ್ತಾಳೆ ಚೊಂಬು ಕೊಟ್ಟರು. ಅದನ್ನು ಹೆಂಡತಿಯ ಕೈಗಿಟ್ಟು ಮತ್ತೆ ನೀರಿನ ಕಡೆ ತಿರುಗಿದ.

"ಇನ್ನೂ ಎಲ್ಗೆ?"

"ಒಂದು ಬಾಕಿ ಅದೆ ಕಣಮ್ಮಿ."

ಅವಳಿಗೆ ಕೋಪ ಬಂತು, ಅಳುವೂ ಬಂತು. "ಓಗು ಮತ್ತೆ. ಇಲ್ಲಿ ಬಾವಿ ಗ್ವಾಡೆ ಇಲ್ಲ. ನಮ್ಮ ಇಂದ್ಗಡೆ ಗೋಪಾಲಸ್ವಾಮಿ ಬೆಟ್ಟನ ಕಾಲ್ಬೆರಳ ಮದ್ಯದಲ್ಲಿ ಇಟ್ಕ. ಅದು ಅಲ್ಲಾಡ್ದಂಗೆ ಈಜು," ಎಂದಳು.

ಜನ ಚದುರುತ್ತಿದ್ದರು. ಮರಿಮಲ್ಲಪ್ಪ ಗಾಡಿ ಹತ್ತುತ್ತಾ, "ಇವನಿಗೇನು ಬಂತ್ಲಾ ರೋಗ!" ಎಂದ. ಬೋರಯ್ಯ ನೀರಿನ ಮೇಲೆ ಅಂಗಾತ ಬಿದ್ದು ಕೈ ಬೀಸಿದ. ತೋಳು ಸೋತು ಕಲ್ಲಾಗಿದ್ದವು. ಬೆಟ್ಟ ಎಡಕ್ಕೆ ಜಾರಿತು. ಹಲ್ಲು ಕಚ್ಚಿ ಅದನ್ನು ನಡುವಿಗೆ ತಂದ. ಮತ್ತೆ ಜಾರಿತು, ಮತ್ತೆ ತಂದ.

ಪಟ್ಟಿ ಮಡಿಚುತ್ತಿದ್ದ ಮೇಷ್ಟ್ರು ನೀರಿನ ಕಡೆ ನೋಡಿದರು. ಆಮೇಲೆ ಪಟ್ಟಿ ಬಿಚ್ಚಿ, ಪೆನ್ಸಿಲಿಗಾಗಿ ಜೇಬು ತಡಕಿದರು.

ಕೆಸರಿಗೆ ತಲೆ ತಾಗಿತು. ಬೋರಯ್ಯ ಏದುಸಿರು ಬಿಡುತ್ತಾ ಎದ್ದು ನಿಂತ. ಅಂಗಿ ಬಿಟ್ಟು ಬಂದ ದಡದಲ್ಲೇ ಇತ್ತು.