ಜಗಲಿ ಕೆಳಗಿನ ಡಬ್ಬಿ

"ಹತ್ತಲೇ ಜೀಪು, ಬಾಂಗ್ಲಾ ಸೂಳಿಮಗನ. ಇಲ್ಲಿ ಬೆಲ್ಲ ತಿಂದು ಕೊಬ್ಬಿದಿ."

ಹೀಗೆ ಬೈದು ಪೊಲೀಸ್ ಫೌಜದಾರ ಇಕ್ಬಾಲನ ಕತ್ತು ಹಿಡಿದು ನೂಕಿದಾಗ ಅವನ ಕೈಗೆ ಅಂಟಿದ್ದ ಪಾಕ ಇನ್ನೂ ಆರಿರಲಿಲ್ಲ. ಪಕ್ಕದಲ್ಲೇ ನಾನು ಒಲೆಗೆ ಕಬ್ಬಿನ ರವದಿ ತುರುಕುತ್ತಿದ್ದೆ. ಎಂ.ಕೆ. ಹುಬ್ಬಳ್ಳಿ ಹಾದಿಯಲ್ಲಿರುವ ನಿಜಗುಣಪ್ಪ ಸಾವಕಾರರ ಬೆಲ್ಲದ ಗಾಣದಲ್ಲಿ ಒಲೆ ಕಾಯುವುದು ನನ್ನ ಕೆಲಸ. ಕೊಪ್ಪರಿಗೆ ತಿರುವುವುದು ಇಕ್ಬಾಲ ಮತ್ತು ಅವನ ಹೆಂಡತಿ ರೆಹಾನಾಳ ಪಾಲು. ಪಶ್ಚಿಮ ಬಂಗಾಲದ ಮುರ್ಶಿದಾಬಾದಿನವರು, ದೀಪಾವಳಿ ಮುಗಿದ ಮೇಲೆ ಬಂದಿದ್ದರು. ರೆಹಾನಾಗೆ ಕನ್ನಡದಲ್ಲಿ "ಅಕ್ಕಾ" ಮತ್ತು "ಚಾ ಕುಡಿ" ಅಷ್ಟೇ ಬರುತ್ತಿತ್ತು. ಅಷ್ಟರಲ್ಲೇ ನಮ್ಮಿಬ್ಬರ ಸುಖದುಃಖ ನಡೆದುಹೋಗುತ್ತಿತ್ತು.

ಮೂರು ದಿನದ ಹಿಂದೆ ಪಾಕ ಸಿಡಿದು ಅವಳ ಮೊಣಕೈವರೆಗೆ ಚರ್ಮ ಸುಲಿದುಹೋಯಿತು. ಬೈಲಹೊಂಗಲದ ದವಾಖಾನೆಗೆ ಕರೆದೊಯ್ಯುತ್ತೇನೆಂದು ಇಕ್ಬಾಲ ಕೇಳಿದ. ಹಂಗಾಮು ಮುಗಿಯಲಿ, ಅರಿಶಿನ ಹಚ್ಚು ಅಂದರು ಸಾವಕಾರರು. ಹಾಗಾದರೆ ನಮ್ಮ ಆಧಾರ್ ಕಾರ್ಡು ಕೊಡಿ, ಊರಿಗೆ ಹೋಗುತ್ತೇವೆ ಎಂದ ಅವನು. ದನವನ್ನು ದಾವಣಿಗೆ ಕಟ್ಟಿದ ಹಾಗೆ, ಬಂದ ದಿನವೇ ಅವರ ಕಾರ್ಡು ಇಸಿದುಕೊಂಡಿದ್ದರು. ಸಾವಕಾರರು ಫೋನು ಹಿಡಿದು ಎದ್ದುಹೋದರು. ಈಗ ಈ ಜೀಪು ಬಂದಿದೆ.

ಫೌಜದಾರ ಕಾಗದ ಕೇಳಿದ. ಇಕ್ಬಾಲ ಸಾವಕಾರರ ಕಡೆ ಬೆರಳು ಮಾಡಿದ.

"ನನ್ನ ಕಡೆ ಯಾವ ಕಾರ್ಡೂ ಇಲ್ರಿ ಸಾಹೇಬ್ರ. ಬಡವ್ರಂತ ಕೆಲಸ ಕೊಟ್ಟೆ. ಯಾ ದೇಶದಾವ್ರೋ ಯಾರಿಗ್ಗೊತ್ತು," ಅಂದರು ಸಾವಕಾರರು. ಹಣೆಯ ವಿಭೂತಿ ಅಳಿಸುವಷ್ಟೂ ಬೆವರಲಿಲ್ಲ.

ಕಾರ್ಡು ಎಲ್ಲಿವೆ ಎಂದು ನನಗೆ ಗೊತ್ತು. ಅವರು ಬಂದ ದಿನ ನಾನು ಗಾಣದ ಹಿಂದಿನ ತೋಟದ ಮನೆಯ ಅಂಗಳ ಗುಡಿಸುತ್ತಿದ್ದೆ. ಸಾವಕಾರರ ತಾಯಿ ರಾಚವ್ವ ಅವನ್ನು ಬಿಸ್ಕಿಟ್ ಡಬ್ಬಿಗೆ ಹಾಕಿ ದೇವರ ಜಗಲಿಯ ಕೆಳಗೆ ಸರಿಸಿದ್ದು ಬಾಗಿಲಿಂದ ಕಂಡಿತ್ತು. ನಾವು ಹೊಲೇರು. ನನ್ನ ಕಸಬರಿಗೆ ಅಂಗಳದವರೆಗೆ ಹೋಗುತ್ತದೆ, ಹೊಸ್ತಿಲ ಒಳಗೆ ನನ್ನ ನೆರಳೂ ಬೀಳಬಾರದು. ಇಪ್ಪತ್ತು ವರ್ಷ ದುಡಿದರೂ ಆ ಹೊಸ್ತಿಲು ದಾಟಿದವಳಲ್ಲ.

ದಾಟಿದೆ. ಬೂದಿಗಾಲಲ್ಲೇ ದಾಟಿದೆ. ಜಗಲಿಯ ಕೆಳಗೆ ಕೈ ಹಾಕಿದಾಗ ಪೂಜೆಗೆ ಕುಳಿತಿದ್ದ ರಾಚವ್ವ, ಹೊಲತಿ ಜಗಲಿ ಮುಟ್ಟಿದಳೆಂದು ಊರಿಗೆ ಕೇಳುವಂತೆ ಕಿರುಚಿದಳು.

ಡಬ್ಬಿ ತಂದು ಜೀಪಿನ ಬಾನೆಟ್ಟಿನ ಮೇಲೆ ಸುರಿದೆ. ಎರಡೂ ಕಾರ್ಡು ಬಿದ್ದವು. ಇನ್ನು ಬಿಟ್ಟುಬಿಡುತ್ತಾರೆ ಎಂದುಕೊಂಡೆ. ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ.

ಫೌಜದಾರ ಮೊದಲು ಕೇಳಿದ್ದು ನಿನ್ನನ್ನು ಒಳಗೆ ಬಿಟ್ಟವರು ಯಾರು ಎಂದು. ಆಮೇಲೆ ಕಾರ್ಡು ಎತ್ತಿ ನೋಡಿದ.

"ಇಂಥಾವು ಸಂತ್ಯಾಗ ಮಾರತಾರ. ಮಾತ ಕೇಳಿದ್ರ ತಿಳಿಯೂದಿಲ್ಲೇನು, ಬಾಂಗ್ಲಾದವ್ರು ಅಂತ," ಎಂದು ಎರಡನ್ನೂ ಕಿಸೆಗೆ ಇಳಿಸಿದ.

ಪೇದೆ ಇಕ್ಬಾಲನನ್ನು ಜೀಪಿಗೆ ನೂಕಿ, ರೆಹಾನಾಳ ಸುಟ್ಟ ಕೈಯನ್ನೇ ಹಿಡಿದು ಎಳೆದು ಅವಳನ್ನೂ ಹತ್ತಿಸಿದ. ಅವಳು ಅಳಲಿಲ್ಲ. ನನ್ನನ್ನು ನೋಡಿ "ಅಕ್ಕಾ" ಎಂದಳು.

ರೇಶನ್ ಅಂಗಡಿಗೆ ಬೇಕೆಂದು ನನ್ನ ಆಧಾರ್ ಕಾರ್ಡನ್ನು ಎಲೆಅಡಿಕೆ ಸಂಚಿಯಲ್ಲೇ ಇಟ್ಟುಕೊಂಡಿರುತ್ತೇನೆ. ಅದನ್ನು ತೆಗೆದು ಫೌಜದಾರನ ಮುಖದ ಮುಂದೆ ಹಿಡಿದೆ.

"ಅವ್ರಿಗೆ ಕಾರ್ಡ ಕೊಟ್ಟ ಸರಕಾರನ ನನಗೂ ಕೊಟ್ಟೈತ್ರಿ. ಅದು ಖೊಟ್ಟಿ ಆದ್ರ ಇದೂ ಖೊಟ್ಟಿ."

ಅವನು ಕೈ ಚಾಚುವ ಮೊದಲೇ ಒಲೆಗೆ ಎಸೆದೆ. ಕಾರ್ಡು ಸುರುಟಿ ಉರಿದುಹೋಯಿತು. ಗಾಣದ ಹೆಣ್ಣಾಳುಗಳು ಬಾಯಿಗೆ ಸೆರಗು ಹಚ್ಚಿ ನಿಂತರು. ಅತ್ತ ರಾಚವ್ವ ಹೊಸ್ತಿಲಿಗೆ ಗೋಮೂತ್ರ ಚಿಮುಕಿಸುತ್ತಿದ್ದಳು.

ನಾನು ಜೀಪು ಹತ್ತಿ ರೆಹಾನಾಳ ಪಕ್ಕ ಕುಳಿತೆ.

"ಏ ಕೆಂಪಿ, ಇಳಿ. ಒಲಿ ಆರತೈತಿ," ಅಂದ ನಿಜಗುಣಪ್ಪ. ಈಗ ಅವನ ಹಣೆ ಬೆವರಿತ್ತು.

"ನಡೀರಿ ಸಾಹೇಬ್ರ," ಎಂದೆ ಫೌಜದಾರನಿಗೆ. "ನನ್ನ ದೇಶ ಯಾವದಂತ ನಾನೂ ಕೇಳಬೇಕಾಗೈತಿ."

ಕೊಪ್ಪರಿಗೆ ತಿರುವಲು ಯಾರೂ ಉಳಿದಿರಲಿಲ್ಲ. ಪಾಕ ತಳ ಹಿಡಿದು ಸೀದ ವಾಸನೆ ಜೀಪಿನವರೆಗೂ ಬಂತು.