ಬಿಡ್ತು ಅನ್ನು

ದುಮ್ಯಾತ್ ಊರಿನ ಬಡಗಿಗಳ ಓಣಿಯಲ್ಲಿ ಮಗು ಹುಟ್ಟಿದರೆ ಏಳನೆಯ ದಿನ ಇನ್ಶಿರಾಹ್ ಬರಲೇಬೇಕು, ಅವಳ ಜೊತೆ ಅವಳ ಹಿತ್ತಾಳೆಯ ಕುಟ್ಟಾಣಿಯೂ ಬರಬೇಕು. ಮಗುವನ್ನು ದೊಡ್ಡ ಜರಡಿಯಲ್ಲಿ ಮಲಗಿಸಿ, ಅದರ ಕಿವಿಯ ಹತ್ತಿರ ಢಣಢಣ ಬಾರಿಸಿ, ಅಮ್ಮನ ಮಾತು ಕೇಳು, ಅಪ್ಪನ ಮಾತು ಕೇಳಬೇಡ ಎಂದು ಕೂಗಬೇಕು. ಲೋಕದ ಗದ್ದಲಕ್ಕೆ ಮಗು ಹೆದರದಿರಲಿ ಎಂದು ಮಾಡುವ ಶಾಸ್ತ್ರ. ಮಗು ಬೆಚ್ಚಿಬಿದ್ದು ಅತ್ತರೆ ಹೆಂಗಸರಿಗೆಲ್ಲ ನಗು. ಓಣಿಯ ಮೀಸೆ ಹೊತ್ತ ಗಂಡಸರಲ್ಲಿ ಅರ್ಧ ಜನ ಇನ್ಶಿರಾಹ್‌ಳ ಕುಟ್ಟಾಣಿಗೆ ಅತ್ತವರೇ, ಅದನ್ನು ಮರೆಯಲು ಅವಳು ಅವರನ್ನು ಬಿಟ್ಟವಳೂ ಅಲ್ಲ.

ಅವಳ ಇನ್ನೊಂದು ಹೆಮ್ಮೆ ಮೊಮ್ಮಗಳು, ಮಗ ಹಮ್ದಿಯ ಮಗಳು ನವ್ವಾರಾ. ಐದು ವರ್ಷದ ಹುಡುಗಿ, ಬಾಯಿ ತುಂಬ ಪ್ರಶ್ನೆ. ಮೀನಿಗೆ ಬಾಯಾರಿಕೆ ಆಗತ್ತಾ? ಬೆಕ್ಕು ನೀರು ಕುಡಿಯುವಾಗ ನಾಲಿಗೆ ಮುಂದಕ್ಕೆ ಮಡಿಸತ್ತಾ, ಹಿಂದಕ್ಕಾ? ಅವಳ ತಾಯಿ ರಬಾಬ್ "ತಲೆ ತಿನ್ನಬೇಡ್ವೇ" ಎಂದು ಗದರುತ್ತಿದ್ದಳು. ಇನ್ಶಿರಾಹ್ ಮಾತ್ರ "ನಂಗೂ ಗೊತ್ತಿಲ್ಲ ಕಣೆ, ಬಾ ನೋಡೋಣ" ಎಂದು ಮಂಡಿನೋವನ್ನೂ ಮರೆತು ಬೆಕ್ಕಿನ ಬಟ್ಟಲಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಬಿದ್ದ ರೊಟ್ಟಿಯ ಚೂರನ್ನು ಎತ್ತಿ, ಮುತ್ತಿಟ್ಟು, ಹಕ್ಕಿಗಳಿಗೆಂದು ಗೋಡೆಯ ಮೇಲಿಡುವುದನ್ನು ಕಲಿಸಿದವಳೂ ಅವಳೇ. ಮಕ್ಕಳ ಬಾಯಿ ಮುಚ್ಚಿಸುವ ದೊಡ್ಡವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಇಂಥವಳೇ ಆ ಕೆಲಸ ಮಾಡಿದಳು.

ಎರಡು ಸಲ ಬಸಿರು ಇಳಿದ ಮೇಲೆ ರಬಾಬ್‌ಗೆ ಗಂಡು ಮಗು ಹುಟ್ಟಿತ್ತು. ಬದ್ರ್ ಎಂದು ಹೆಸರಿಟ್ಟಿದ್ದರು. ಏಳನೆಯ ದಿನ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಬೇರಿನ ಪುಡಿ, ತುಪ್ಪ ಹಾಕಿ ಕುದಿಸಿದ ಬಿಸಿ ಮುಗಾತ್ ಲೋಟಲೋಟ ಹಂಚುತ್ತಿದ್ದರು. ಇನ್ಶಿರಾಹ್ ತನ್ನ ಸ್ವಂತ ಮೊಮ್ಮಗನ ಕಿವಿಯ ಹತ್ತಿರ ಕುಟ್ಟಾಣಿ ಇಟ್ಟು, ಹಿಂದೆಂದೂ ಬಾರಿಸದಷ್ಟು ಜೋರಾಗಿ ಬಾರಿಸಿದಳು. ಮಗು ಅಳಲಿಲ್ಲ. ರೆಪ್ಪೆಯನ್ನೂ ಮಿಟುಕಿಸದೆ ಮೇಣದಬತ್ತಿಯ ಬೆಳಕನ್ನೇ ನೋಡುತ್ತಿತ್ತು.

"ಅಯ್ಯೋ ಇವನ ಧೈರ್ಯವೇ! ಸಿಂಹ ಹೆತ್ತಿದಾಳೆ ನಿನ್ನ ಸೊಸೆ, ಉಮ್ಮ್ ಹಮ್ದಿ!" ಎಂದಳು ಪಕ್ಕದ ಮನೆಯ ಉಮ್ಮ್ ಶೌಕತ್. ಓಣಿಯಲ್ಲಿ ತಾಯಂದಿರನ್ನು ಕರೆಯುವುದು ಮಗನ ಹೆಸರು ಹಿಡಿದೇ, 'ಉಮ್ಮ್' ಎಂದರೆ ತಾಯಿ. ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ಇನ್ಶಿರಾಹ್ ನೆಲದಿಂದ ಒಂದು ಗೇಣು ಮೇಲೆ ನಿಂತಂತೆ ನಿಂತಿದ್ದಳು.

ಆಗ ಯಾರೋ ಅವಳ ನಿಲುವಂಗಿಯನ್ನು ಜಗ್ಗಿದರು. ನವ್ವಾರಾ.

"ತೇತಾ, ಅವನಿಗೆ ಕೇಳಿಸಲಿಲ್ಲ."

ತೇತಾ ಎಂದರೆ ಅಜ್ಜಿ. ಹುಡುಗಿಯ ದನಿ ಸಣ್ಣದೇ, ಆದರೆ ಆ ಗಳಿಗೆಗೆ ಕೂಗು ನಿಂತಿತ್ತು. ಎಲ್ಲರಿಗೂ ಕೇಳಿತು. ಮಂಚದ ಮೇಲಿದ್ದ ರಬಾಬ್‌ಳ ಮುಖ ಬಿಳುಚಿಕೊಂಡಿತು.

ಇನ್ಶಿರಾಹ್‌ಳ ಕೈ ತಾನಾಗಿಯೇ ಎದ್ದಿತು. ಕೆನ್ನೆಗೆ ಬಿದ್ದ ಏಟಿನ ಸದ್ದು ಕುಟ್ಟಾಣಿಗಿಂತ ಕಡಿಮೆಯೇನಿರಲಿಲ್ಲ.

"ಬಿಡ್ತು ಅನ್ನು! ಬಿಡ್ತು ಅನ್ನೇ ಮೊದಲು! ನಿನ್ನ ಮಾತು ಮಗೂಗೆ ತಗಲತ್ತೆ, ಗೊತ್ತಾಗಲ್ವಾ? ಏನಾದ್ರೂ ಆದ್ರೆ ನಿನ್ನ ಬಾಯಿಂದ್ಲೇ ಆಗೋದು!"

"ಬಿಡ್ತು" ಎಂದಳು ನವ್ವಾರಾ. ಅಳಲಿಲ್ಲ. ಉಮ್ಮ್ ಶೌಕತ್ ಓಡಿ ಉಪ್ಪು ಎರಚಿದಳು. ಶಾಸ್ತ್ರ ಮುಂದುವರಿಯಿತು.

ಅಂದಿನಿಂದ ಹುಡುಗಿಯ ಪ್ರಶ್ನೆಗಳು ನಿಂತುಹೋದವು. ಮೊದಲು ಇನ್ಶಿರಾಹ್‌ಗೆ ಅದು ತಿಳಿಯಲೇ ಇಲ್ಲ. ಆಮೇಲೆ, ಬುದ್ಧಿ ಬಂತು ಬಿಡು, ಎಂದುಕೊಂಡಳು. ಇನ್ನೂ ಆಮೇಲೆ ಅವಳೇ ಪ್ರಶ್ನೆಗೆ ಹಂಬಲಿಸತೊಡಗಿದಳು. "ನೋಡೇ, ಈ ಇರುವೆ ಎಷ್ಟು ದೊಡ್ಡ ಚೂರು ಹೊತ್ಕೊಂಡಿದೆ!" ಎಂದರೆ ಹುಡುಗಿ ನೋಡಿ, "ಹೂಂ ತೇತಾ" ಎನ್ನುತ್ತಿದ್ದಳು. ಅಷ್ಟೇ. ಆ 'ಹೂಂ' ಕೇಳಿದಾಗಲೆಲ್ಲ ಇನ್ಶಿರಾಹ್ ತೋರಿಸಲು ಇನ್ನೇನಾದರೂ ಇದೆಯೇ ಎಂದು ಹುಡುಕುತ್ತಿದ್ದಳು.

ಬದ್ರ್ ಮಾತ್ರ ದುಂಡುದುಂಡಾಗಿ ಬೆಳೆದ. ಕುಟ್ಟಾಣಿಯ ಪಕ್ಕದಲ್ಲೇ ನಿದ್ದೆ ಮಾಡುತ್ತಿದ್ದ. "ಶಾಸ್ತ್ರ ಚೆನ್ನಾಗಿ ಹಿಡಿದಿದೆ" ಎಂದು ಅವಳು ಊರೆಲ್ಲ ಸಾರಿದಳು. ಮಗ ಹಮ್ದಿಯ ಕೆತ್ತನೆ ಅಂಗಡಿಯಲ್ಲಿ ಗರಗಸ ಯಂತ್ರ ಕಿರುಚಿದರೂ ಮಗು ತಿರುಗುತ್ತಿರಲಿಲ್ಲ. "ಗರಗಸದ ಮಧ್ಯೆ ಹುಟ್ಟಿದವನು, ಇವನಿಗೆ ಅದೇನು ಹೊಸದಾ?" ಎಂದು ನಕ್ಕಳು. ಮನಸ್ಸಿಗೆ ಬೇಡವಾದದ್ದನ್ನು ತಳ್ಳಿಹಾಕಲು ಅವಳಿಗೆ ಕಾರಣಗಳ ಬರ ಇರಲಿಲ್ಲ.

ಮಗುವಿಗೆ ಒಂಬತ್ತು ತಿಂಗಳಾದಾಗ, ಒಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಮುಲೂಖಿಯಾ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ, ಕೊತ್ತಂಬರಿ ಕಾಳು ತೆಗೆದಿಡುತ್ತಿದ್ದಳು. ರಬಾಬ್ ಸಂತೆಗೆ ಹೋಗಿದ್ದಳು. ಒಳಗಿನ ಕೋಣೆಯಲ್ಲಿ ಪಿಸಪಿಸ ಸದ್ದು. ಇಣುಕಿ ನೋಡಿದಳು. ಮಗುವಿನ ಕಿವಿಗೆ ಬಾಯಿ ಹಚ್ಚಿ ನವ್ವಾರಾ ಏನೋ ಹೇಳುತ್ತಿದ್ದಳು, ಬೆರಳು ಮಡಚಿ ಎಣಿಸುತ್ತಿದ್ದಳು.

"ಏನೇ ಅದು?"

ಹುಡುಗಿ ಬೆಚ್ಚಿ, ಕೆನ್ನೆಗೆ ಕೈ ಅಡ್ಡ ಹಿಡಿದಳು. ಅದನ್ನು ಕಂಡು ಇನ್ಶಿರಾಹ್ ಬಾಗಿಲಲ್ಲೇ ಕೂತಳು.

"ಹೊಡಿಯಲ್ಲ ಕಂದಾ. ನನ್ನ ಕಣ್ಣಾಣೆ. ಏನು ಹೇಳ್ತಿದ್ದೆ?"

"ಬಿಡ್ತು ಅಂತ." ಹುಡುಗಿ ಕೆನ್ನೆಯಿಂದ ಕೈ ಇಳಿಸದೆಯೇ ಹೇಳಿದಳು. "ದಿನಾ ಏಳು ಸಲ ಹೇಳ್ತೀನಿ ತೇತಾ. 'ನಿಂಗೆ ಕೇಳಿಸತ್ತೆ, ನಾನಂದಿದ್ದು ಬಿಡ್ತು' ಅಂತ. ಆದ್ರೂ ಅವನ ಕಿವಿ ಬರ್ತಾ ಇಲ್ಲ. ನಾನೇ ತೆಗೆದಿದ್ದಲ್ವಾ... ನಂಗೆ ವಾಪಸ್ ಹಾಕಕ್ಕೆ ಆಗ್ತಿಲ್ಲ."

ಒಂಬತ್ತು ತಿಂಗಳು. ದಿನಕ್ಕೆ ಏಳು ಸಲ. ಇನ್ಶಿರಾಹ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾನು ಕೋಪದಲ್ಲಿ ಎಸೆದ ಮಾತನ್ನು ಈ ಕೂಸು ಒಂಟಿಯಾಗಿ ಹೊತ್ತುಕೊಂಡು ತಿರುಗಿತ್ತು. ತಾನು ಹಕ್ಕಿಗೆ ರೊಟ್ಟಿ ಇಡಲು ಕಲಿಸಿ ಬೀಗಿದವಳು!

ಎದ್ದು ಕುಟ್ಟಾಣಿ ತಂದಳು. ಮಗುವಿನ ಬೆನ್ನ ಹಿಂದೆ ನೆಲದ ಮೇಲಿಟ್ಟು ಅದರ ಕುಟ್ಟುಗೋಲು ಎತ್ತಿದಳು.

"ನೆಲದ ಮೇಲೆ ಬೇಡ ತೇತಾ" ಎಂದಳು ನವ್ವಾರಾ ಮೆಲ್ಲಗೆ. "ನೆಲ ಅದುರಿದ್ರೆ ಅವನಿಗೆ ಕುಂಡೆಯಿಂದ ಗೊತ್ತಾಗತ್ತೆ. ತೊಡೆ ಮೇಲೆ ಇಟ್ಕೋ. ಮುಂದೆ ನೆರಳು ಬೀಳದ ಹಾಗೆ ಕೂತ್ಕೋ, ನೆರಳು ನೋಡ್ತಾನೆ. ನಾನು ಎಲ್ಲಾ ನೋಡಿದೀನಿ."

ಪ್ರಶ್ನೆಗಳು ಸತ್ತಿರಲಿಲ್ಲ. ಅಜ್ಜಿಯ ಕಣ್ಣಿಗೆ ಬೀಳದ ಜಾಗದಲ್ಲಿ ಬಚ್ಚಿಟ್ಟುಕೊಂಡಿದ್ದವು.

ಇನ್ಶಿರಾಹ್ ಕುಟ್ಟಾಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸಿದಳು. ಕಿಟಕಿಯ ಬೆಕ್ಕು ಹಾರಿತು. ಕೆಳಗೆ ಬೀದಿಯಲ್ಲಿ ಯಾರೋ, "ಯಾರ ಮನೇಲಿ ಏಳನೇ ದಿನ?" ಎಂದು ಕೂಗಿ ಕೇಳಿದರು. ಬದ್ರ್ ಡಬ್ಬದ ಮುಚ್ಚಳವನ್ನು ಬಾಯಿಗಿಟ್ಟುಕೊಂಡು ಜೊಲ್ಲು ಸುರಿಸುತ್ತ ಆಡುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ತಂತಿ ಹಚ್ಚಿ ಪರೀಕ್ಷೆ ಮಾಡಿದರು. ಹುಟ್ಟಿನಿಂದಲೇ ಹೀಗೆ, ಎರಡೂ ಕಿವಿ, ಎಂದಳು ವೈದ್ಯೆ. ಯಂತ್ರ ಹಾಕಬಹುದು, ಎಷ್ಟು ಕೇಳಿಸುತ್ತದೋ ನೋಡಬೇಕು, ಇನ್ನೂ ಬೇಗ ತರಬೇಕಿತ್ತು. ರಬಾಬ್ ಗೋಡೆಗೆ ಮುಖ ಮಾಡಿ ಅತ್ತಳು.

"ಮೊದಲು ಯಾರು ಗಮನಿಸಿದ್ದು?" ಎಂದು ಕೇಳಿದಳು ವೈದ್ಯೆ.

"ಇವಳು" ಎಂದಳು ಇನ್ಶಿರಾಹ್, ನವ್ವಾರಾಳನ್ನು ಮುಂದಕ್ಕೆ ತಂದು. "ಏಳನೇ ದಿನವೇ."

"ಏಳನೇ ದಿನವಾ? ಮತ್ತೆ ಇಷ್ಟು ತಿಂಗಳು ಏನು ಮಾಡ್ತಿದ್ರಿ ಅಮ್ಮಾ?"

"ಇವಳ ಬಾಯಿ ಮುಚ್ಚಿಸಿ ಕೂತಿದ್ದೆ."

ದಾರಿಯಲ್ಲಿ ಅವಳು ಮೊಮ್ಮಗಳ ಮುಂದೆ ಮಂಡಿಯೂರಿದಳು. "ಹೊಟ್ಟೇಲಿದ್ದಾಗಲೇ ಅವನ ಕಿವಿ ಹಾಗಿತ್ತಂತೆ, ಕೇಳಿಸಿಕೊಂಡೆಯಲ್ಲ? ನಿನ್ನ ಮಾತಿಂದ ಅಲ್ಲ. ತಪ್ಪು ನಂದು. ನೀನು ಕಂಡಿದ್ದೆ, ನಾನು ಕಾಣಲಿಲ್ಲ." ನವ್ವಾರಾ "ಹೂಂ ತೇತಾ" ಎಂದಳು. ಮತ್ತೆ ಅದೇ ಹೂಂ. ಒಂದು ಏಟಿಗೆ ಹೋದದ್ದು ಒಂದು ಮಾತಿಗೆ ವಾಪಸ್ಸು ಬರುವುದಿಲ್ಲ ಎಂದು ಇನ್ಶಿರಾಹ್‌ಗೆ ಅರ್ಥವಾಯಿತು, ಅದು ನ್ಯಾಯ ಎಂದೂ ಅನ್ನಿಸಿತು.

ಎರಡು ವಾರದ ಮೇಲೆ ಉಮ್ಮ್ ಶೌಕತ್‌ಳ ಮೊಮ್ಮಗಳ ಏಳನೆಯ ದಿನ. ಕುಟ್ಟಾಣಿ ಒಯ್ಯುವುದೇ ಬೇಡ ಎಂದುಕೊಂಡಿದ್ದ ಇನ್ಶಿರಾಹ್, ಕೊನೆಗೆ ನವ್ವಾರಾಳ ಕೈ ಹಿಡಿದುಕೊಂಡೇ ಹೋದಳು. ಜರಡಿಯ ಪಕ್ಕದಲ್ಲಿ ಕೂತು, ಕುಟ್ಟಾಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸಿದಳು. ಹೆಂಗಸರು ಕೂಗಲು ಬಾಯಿ ತೆರೆದರು.

"ಸುಮ್ಮನಿರ್ರೇ ಎಲ್ಲಾ!" ಎಂದು ಗದರಿ, ನವ್ವಾರಾಳ ಕಡೆ ತಿರುಗಿದಳು. "ನಂಗೆ ಗೊತ್ತಾಗಲ್ಲ ಕಣೆ. ಬಾ, ನೋಡೋಣ. ಕೇಳಿಸ್ತಾ ಇವಳಿಗೆ?"

ಉಮ್ಮ್ ಶೌಕತ್‌ಳ ಹುಬ್ಬು ಗಂಟಿಕ್ಕಿತು. ನವ್ವಾರಾ ಮುಂದೆ ಬಂದಳು. ಆದರೆ ಅವಳು ಮಗುವನ್ನು ನೋಡಲಿಲ್ಲ. ಮೊದಲು ಅಜ್ಜಿಯ ಕೈಯನ್ನು ನೋಡಿದಳು.

ಇನ್ಶಿರಾಹ್ ಕುಟ್ಟುಗೋಲನ್ನು ಕೆಳಗಿಟ್ಟು, ಎರಡೂ ಕೈಗಳನ್ನು ತನ್ನ ತೊಡೆಗಳ ಅಡಿಗೆ ತಳ್ಳಿ ಅವುಗಳ ಮೇಲೆ ಕೂತಳು. ಹುಡುಗಿ ಅದನ್ನು ಚೆನ್ನಾಗಿ ನೋಡಿಕೊಂಡಳು. ಆಮೇಲೆ ಜರಡಿಯ ಮೇಲೆ ಬಾಗಿದಳು.

"ಇನ್ನೊಂದ್ ಸಲ ಬಾರಿಸು ತೇತಾ" ಎಂದಳು. "ಆದ್ರೆ ಒಂದೇ ಕೈಯಲ್ಲಿ. ಇನ್ನೊಂದು ಅಲ್ಲೇ ಇರ್ಲಿ."